ಗೋಲಿಯ ಪ್ಯಾಡ್: ಕೆಳಗೆ ಬಿಗಿ, ಮೇಲೆ ಸಡಿಲ

ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಬಂತೆಂದರೆ, ವರ್ಷವಿಡೀ ಸ್ಟಿಕ್ ಮುಟ್ಟದವರೂ ಮನೆತನದ ತಂಡಕ್ಕೆ ಗೋಲಿಯಾಗಿ, ಅಂದರೆ ಗೋಲ್‌ಕೀಪರ್ ಆಗಿ, ನಿಲ್ಲುವುದುಂಟು. ಪ್ಯಾಡ್ ಯಾರದೋ, ಕಾಲು ಯಾರದೋ. ಹಾಗಾಗಿ ಮೊದಲು ಅಳತೆ ನೋಡಿ. ಪ್ಯಾಡಿನ ಒಳಗಡೆ ಮಂಡಿಗೆಂದೇ ಒಂದು ಗುಳಿ ಇರುತ್ತದೆ. ನಿಮ್ಮ ಮಂಡಿಚಿಪ್ಪು ಅಲ್ಲಿ ಕೂರದಿದ್ದರೆ ಸ್ಟ್ರ್ಯಾಪ್ ಎಷ್ಟು ಎಳೆದರೂ ಉಪಯೋಗವಿಲ್ಲ, ಬೇರೆ ಜೊತೆ ಹುಡುಕಿ.

ಎಡ ಬಲ ಗುರುತಿಸುವುದು ಸುಲಭ: ಬಕಲ್‌ಗಳೆಲ್ಲ ಕಾಲಿನ ಹೊರಬದಿಗೆ ಬರಬೇಕು. ಅದಲುಬದಲಾದರೆ ಕಾಲು ಜೋಡಿಸಿದಾಗ ಒಂದಕ್ಕೊಂದು ಸಿಕ್ಕಿಕೊಂಡು ಮುಗ್ಗರಿಸುತ್ತೀರಿ.

ಶೂ ಲೇಸಿಗೆ ಎರಡು ಗಂಟು ಹಾಕಿ, ಉಳಿದ ತುದಿಯನ್ನು ಒಳಗೆ ತುರುಕಿ. ಕೂತುಕೊಂಡು ಮೊದಲು ಕಿಕ್ಕರ್ (ಶೂ ಮೇಲೆ ಹಾಕುವ ದಪ್ಪ ಫೋಮ್ ಕವಚ) ಹಾಕಿ, ಪ್ಯಾಡ್ ಆಮೇಲೆ. ಕಾಲ್ಬೆರಳ ತುದಿಯನ್ನು ಕಿಕ್ಕರಿನ ಮುಂಭಾಗಕ್ಕೆ ಪೂರ್ತಿ ಒತ್ತಿ, ಅಂಗಾಲಿನ ಕೆಳಗಿನ ಸ್ಟ್ರ್ಯಾಪ್ ಎಳೆಯಿರಿ. ಪಾದ ಅಲುಗಾಡಿದರೆ ಒದ್ದ ಚೆಂಡು ಅಂದುಕೊಂಡ ಕಡೆ ಹೋಗುವುದಿಲ್ಲ. ಮಣ್ಣಿನ ಮೈದಾನದಲ್ಲಿ ಬೇಗ ಸವೆಯುವುದೂ ಇದೇ ಸ್ಟ್ರ್ಯಾಪ್. ಕಿಟ್ ಬ್ಯಾಗಿನಲ್ಲಿ ಒಂದು ಹೆಚ್ಚುವರಿ ಇರಲಿ.

ಈಗ ಎದ್ದು ನಿಂತು, ಮಂಡಿ ಸ್ವಲ್ಪ ಬಗ್ಗಿಸಿ ಪ್ಯಾಡ್ ಇಡಿ. ಅದರ ಬುಡ ಕಿಕ್ಕರಿನ ಮೇಲೆ ಸಂದಿಲ್ಲದೆ ಕೂರಬೇಕು. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಪೆನಾಲ್ಟಿ ಕಾರ್ನರ್‌ನಲ್ಲಿ ಅದು ಆ ಸಂದಿಗೆ ಬಡಿದರೆ ಕಣಕಾಲಿನ ಗತಿ ಹೇಳಬೇಕಿಲ್ಲ. ಸ್ಟ್ರ್ಯಾಪ್‌ಗಳನ್ನು ಕೆಳಗಿನಿಂದಲೇ ಶುರುಮಾಡಿ. ಬುಡದ್ದು ಗಟ್ಟಿಯಾಗಿ, ಮೀನಖಂಡದ್ದು ಎರಡು ಬೆರಳು ತೂರುವಷ್ಟು, ಮಂಡಿಯ ಹತ್ತಿರದ್ದು ಇನ್ನೂ ಸಡಿಲ. ಹೆಚ್ಚಿನವರು ತಪ್ಪುವುದು ಇಲ್ಲೇ: ಜಾರುತ್ತದೆ ಎಂಬ ಹೆದರಿಕೆಗೆ ಮೀನಖಂಡವನ್ನು ಬಿಗಿದು ಕಟ್ಟುತ್ತಾರೆ, ಎರಡನೇ ಅರ್ಧದ ಹೊತ್ತಿಗೆ ಕಾಲು ಜೋಮು ಹಿಡಿದು ಸ್ನಾಯು ಸೆಳೆತ ಬರುತ್ತದೆ.

ಐಸ್ ಹಾಕಿ ವಿಡಿಯೋ ನೋಡಿ ಕಲಿಯಲು ಹೋಗಬೇಡಿ. ಅಲ್ಲಿನ ಗೋಲಿ ಮಂಡಿಯೂರಿ ಕೂತಾಗ ಪ್ಯಾಡ್ ಕಾಲಿನ ಸುತ್ತ ತಿರುಗಿ ಎದುರಿಗೆ ಮುಖ ಮಾಡಬೇಕು, ಅದಕ್ಕೇ ಬೇಕೆಂದೇ ಸಡಿಲ ಬಿಡುತ್ತಾರೆ. ನಮ್ಮಲ್ಲಿ ಗೋಲಿ ನಿಂತು ಒದೆಯುವವನು. ಪ್ಯಾಡ್ ತಿರುಗಿದರೆ ಚೆಂಡು ಬರಿಗಾಲಿಗೇ ಬೀಳುತ್ತದೆ.

ಪರೀಕ್ಷೆಗೆ ಐದು ಬಾರಿ ಪೂರ್ತಿ ಕುಕ್ಕರಗಾಲಲ್ಲಿ ಕೂತೇಳಿ, ಗೋಲಿನ ಒಂದು ಕಂಬದಿಂದ ಇನ್ನೊಂದಕ್ಕೆ ಅಡ್ಡ ಹೆಜ್ಜೆಯಲ್ಲಿ ಹೋಗಿ ಬನ್ನಿ, ಹತ್ತು ಚೆಂಡು ಒದೆಯಿರಿ. ಪ್ಯಾಡ್ ಒಳಕ್ಕೆ ವಾಲಿದ್ದರೆ ಬುಡದ ಸ್ಟ್ರ್ಯಾಪ್ ಒಂದು ತೂತು ಬಿಗಿ ಮಾಡಿ, ಮೇಲಿನದನ್ನು ಮುಟ್ಟಬೇಡಿ. ಗ್ಲೌಸ್ ಕೊನೆಗೆ, ಅದು ಕೈಗೇರಿದ ಮೇಲೆ ಬಕಲ್ ಹಾಕಲು ಇನ್ನೊಬ್ಬರನ್ನು ಕರೆಯಬೇಕಾದೀತು.

ಆಟ ಮುಗಿದ ಮೇಲೆ ಬಕಲ್ ಬಿಚ್ಚಿ, ಗಾಳಿಯಾಡುವ ನೆರಳಲ್ಲಿ ನಿಲ್ಲಿಸಿ. ನಮ್ಮ ಮಳೆಗಾಲದಲ್ಲಿ ಬ್ಯಾಗಿನಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಾಗೆಂದು ಒಲೆಯ ಪಕ್ಕ ಇಟ್ಟರೆ ಶಾಖಕ್ಕೆ ಫೋಮ್ ಸೊಟ್ಟಗಾಗುತ್ತದೆ.