ಆರು ದಿನಕ್ಕೆ 150 ಲೀಟರ್ ನೀರು: ಕ್ವಾರ್ಟ್ಸ್‌ಸೈಟ್ ಮೇಳದಲ್ಲಿ ನಾವು ಇದ್ದದ್ದು ಹೀಗೆ

ನಾನು ಕೋಲಾರದ ಕಡೆಯವಳು. ನೀರನ್ನು ಅಳೆದು ಬಳಸುವುದು ಚಿಕ್ಕಂದಿನಿಂದ ಗೊತ್ತು. ಆ ಅಭ್ಯಾಸ ಅಮೆರಿಕದ ಮರುಭೂಮಿಯಲ್ಲಿ ಇಷ್ಟು ಕೈ ಹಿಡಿಯುತ್ತದೆ ಅಂತ ಅಂದುಕೊಂಡಿರಲಿಲ್ಲ.

ಅರಿಜೋನಾದ ಕ್ವಾರ್ಟ್ಸ್‌ಸೈಟ್ ಸಣ್ಣ ಊರು. ಬೇಸಿಗೆಯಲ್ಲಿ ಬಿಕೋ ಅನ್ನುತ್ತದೆ. ಜನವರಿ ಬಂತೆಂದರೆ ಸುತ್ತಲಿನ ಬಯಲಿನ ತುಂಬ ಮೋಟರ್‌ಹೋಮ್‌ಗಳು, ಅಂದರೆ ಒಳಗೇ ಅಡುಗೆಮನೆ, ಹಾಸಿಗೆ, ಬಚ್ಚಲು ಇರುವ ಗಾಡಿಗಳು. ದೊಡ್ಡ ಟೆಂಟಿನಲ್ಲಿ ಇಂಥ ಗಾಡಿಗಳ (ಅಲ್ಲಿ ಆರ್‌ವಿ ಅನ್ನುತ್ತಾರೆ) ಮೇಳ, ಪಕ್ಕದಲ್ಲಿ ಕಲ್ಲು, ಹರಳುಗಳ ಸಂತೆ. ನಮ್ಮ ಕಡೆ ದನಗಳ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು, ಅಲ್ಲೇ ಒಲೆ ಹೂಡಿ ಇರುತ್ತಿದ್ದರಲ್ಲ, ನನಗೆ ಅದೇ ನೆನಪಾಯಿತು.

ನಮ್ಮದು 24 ಅಡಿಯ ಕ್ಲಾಸ್ ಸಿ, ಅಂದರೆ ಮಧ್ಯಮ ಗಾತ್ರದ ಗಾಡಿ, ಸೆಕೆಂಡ್ ಹ್ಯಾಂಡ್. ನಾನು, ನಮ್ಮನೆಯವರು, ಊರಿಂದ ಬಂದಿದ್ದ ಅಮ್ಮ, ಮೂರೇ ಜನ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಹೊರಟು ಎರಡು ದಿನದ ದಾರಿ. ನೀರಿನ ಟ್ಯಾಂಕ್ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್, ತುಂಬಿದರೆ 150 ಕಿಲೋ ಭಾರ. ಅದನ್ನು ಮನೆಯಿಂದಲೇ ಹೊತ್ತು ತಂದರೆ ಸುಮ್ನೆ ಪೆಟ್ರೋಲ್ ದಂಡ. ಇಂಡಿಯೋದಲ್ಲಿ ರಾತ್ರಿ ತಂಗಿದ ಆರ್‌ವಿ ಪಾರ್ಕಿನಲ್ಲಿ ತುಂಬಿಸಿದೆವು. ಅದಕ್ಕೂ ಮುಂಚೆ ಪಾಮ್ ಸ್ಪ್ರಿಂಗ್ಸ್ ಹತ್ತಿರದ ಗಾಳಿಯಂತ್ರಗಳ ಕಣಿವೆ ಸಿಗುತ್ತದೆ. ಅಲ್ಲಿ ಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಲಾರಿ ದಾಟಿ ಹೋದಾಗ ಇನ್ನೂ ಜಾಸ್ತಿ. 50 ಮೈಲಿ ವೇಗ ಮೀರದೆ, ಬಲಗಡೆಯ ಲೇನ್ ಬಿಡದೆ ಬಂದೆವು.

ಇಳಿದುಕೊಂಡದ್ದು ಸರ್ಕಾರಿ ಜಮೀನಾದ ಲಾ ಪೋಸಾದಲ್ಲಿ. ನಾವು ಹೋದಾಗ 14 ದಿನದ ಪರ್ಮಿಟ್‌ಗೆ 40 ಡಾಲರ್. ನಿಲ್ಲಿಸುವ ಜಾಗದಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ. ನೀರು ಬೇಕಾದರೆ, ಕೊಳೆನೀರು ಖಾಲಿ ಮಾಡಬೇಕಾದರೆ ಅದರದೇ ಒಂದು ಭಾಗವಾದ ಲಾ ಪೋಸಾ ಸೌತ್‌ಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಗಾಡಿಯೇ ಮನೆ ಆದಾಗ ಅದಕ್ಕೆ ಇಡೀ ಮನೆಯನ್ನೇ ಎಬ್ಬಿಸಿ ಹೊರಡಬೇಕು, ಅಲ್ವಾ? ಆರು ದಿನ ಕದಲುವುದೇ ಬೇಡ ಅಂತ ತೀರ್ಮಾನಿಸಿದೆವು.

ಹಾಗಾದರೆ ಒಬ್ಬರಿಗೆ ದಿನಕ್ಕೆ ಎಂಟು ಲೀಟರ್. ಕುಡಿಯುವ ನೀರು ಬೇರೆ ಕ್ಯಾನ್‌ಗಳಲ್ಲಿತ್ತು. ಲೆಕ್ಕ ಕೇಳಿ ನಮ್ಮನೆಯವರ ಮುಖ ಸಪ್ಪಗಾಯಿತು. ಅಮ್ಮ ಮಾತ್ರ, "ಬೋರ್‌ವೆಲ್ ಬತ್ತಿದ ವರ್ಷ ಮನೆ ಮಂದಿಯೆಲ್ಲ ನಾಲ್ಕು ಕೊಡದಲ್ಲಿ ದಿನ ಕಳೆದಿಲ್ವೇನೇ?" ಅಂದಳು. ಅವತ್ತಿನಿಂದ ನೀರಿನ ಯಜಮಾನಿಕೆ ಅವಳದೇ.

ಶವರ್ ಬಂದ್. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ದಿನ ಬಿಟ್ಟು ದಿನ ಚೊಂಬಿನ ಸ್ನಾನ. ಊಟವಾದ ತಟ್ಟೆಯನ್ನು ಮೊದಲು ಪೇಪರ್‌ನಿಂದ ಒರೆಸಿ, ಆಮೇಲೆ ತೊಳೆಯುವುದು. ತರಕಾರಿ ತೊಳೆದ ನೀರು, ಸಿಂಕ್ ಮತ್ತು ಸ್ನಾನದ ನೀರು ಸೇರುವ ಬಚ್ಚಲ ಟ್ಯಾಂಕಿಗೆ ಹೋಗುವ ಬದಲು ಟಾಯ್ಲೆಟ್‌ಗೆ. ಇದರಿಂದ ಎರಡು ಲಾಭ. ಹೊಸ ನೀರು ಉಳಿಯುತ್ತದೆ, ಬಚ್ಚಲ ಟ್ಯಾಂಕ್ ಬೇಗ ತುಂಬುವುದಿಲ್ಲ. ಹೊಸಬರು ಎಡವುವುದು ಈ ಎರಡನೆಯದರಲ್ಲೇ. ನೀರು ಇದ್ದರೂ ಅದು ಹೋಗಲು ಜಾಗ ಇರುವುದಿಲ್ಲ.

ನಾವು ಎಡವಿದ್ದು ಕರೆಂಟಿನಲ್ಲಿ. ಮೊದಲ ರಾತ್ರಿ ಚಳಿ ಅಂತ ಹೀಟರ್ ಜೋರಾಗಿ ಇಟ್ಟು ಮಲಗಿದೆವು. ಅದು ಉರಿಯುವುದು ಗ್ಯಾಸಿನಲ್ಲಿ, ಆದರೆ ಫ್ಯಾನ್ ತಿರುಗುವುದು ಬ್ಯಾಟರಿಯಲ್ಲಿ. ಬೆಳಗಿನ ನಾಲ್ಕಕ್ಕೆ ಬ್ಯಾಟರಿ ಕುಸಿದು ಫ್ಯಾನ್ ನಿಂತಿತು. ಎಲ್ಲರೂ ಮಲಗಿರುವ ಹೊತ್ತು, ಜನರೇಟರ್ ಹಾಕುವ ಹಾಗಿಲ್ಲ. ಅಮ್ಮನಿಗೆ ನನ್ನ ರಜಾಯಿಯನ್ನೂ ಹೊದಿಸಿ, ಬೆಳಗಾಗುವವರೆಗೆ ಅವಳ ಕಾಲು ತಿಕ್ಕುತ್ತಾ ಕೂತೆ. ಆ ರಾತ್ರಿ ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಮರುದಿನದಿಂದ ಸಂಜೆ ಎರಡು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿಕೊಂಡೆವು. ಚಟ್ನಿ ರುಬ್ಬುವುದು, ಫೋನ್ ಚಾರ್ಜ್ ಮಾಡುವುದು ಎಲ್ಲ ಆಗಲೇ. ರಾತ್ರಿ ಹೀಟರ್ 55 ಡಿಗ್ರಿ ಫ್ಯಾರನ್‌ಹೀಟ್‌ಗೆ (ಸುಮಾರು 13 ಸೆಲ್ಸಿಯಸ್) ಇಳಿಸಿ, ಅಮ್ಮನಿಗೆ ಬಿಸಿನೀರಿನ ಬ್ಯಾಗ್ ಕೊಡುತ್ತಿದ್ದೆವು.

ಮೇಳದ ಟೆಂಟಿನಲ್ಲಿ ಜನವೋ ಜನ. ಒಂದು ನೀರಿನ ಫಿಲ್ಟರ್ ಕೊಂಡೆವು, ಅಷ್ಟೆ. ಅಮ್ಮನಿಗೆ ಹಿಡಿಸಿದ್ದು ಊರ ಸ್ಮಶಾನದಲ್ಲಿರುವ ಹೈ ಜಾಲಿಯ ಸಮಾಧಿ. ಅಮೆರಿಕದ ಸೈನ್ಯಕ್ಕೆ ಒಂಟೆಗಳನ್ನು ನೋಡಿಕೊಳ್ಳಲು 1856ರಲ್ಲಿ ಬಂದ ಹಾಜಿ ಅಲಿ ಆತ. ಕಲ್ಲಿನ ಪಿರಮಿಡ್, ಮೇಲೊಂದು ಒಂಟೆ. "ಎಲ್ಲಿಂದ ಎಲ್ಲಿಗೆ ಬಂದು ಮಲಗಿದ್ದಾನೆ ಪಾಪ" ಅಂತ ಕೈ ಮುಗಿದಳು.

ಹೊರಡುವ ಬೆಳಿಗ್ಗೆ ಮೀಟರ್ ನೋಡಿದರೆ ಇನ್ನೂ ಕಾಲು ಟ್ಯಾಂಕ್ ನೀರು! ಕೊಳೆನೀರು ಖಾಲಿ ಮಾಡುವ ಸಾಲಿಗೆ ಹೋಗುವ ಮುಂಚೆ ಗೀಸರ್ ಹಾಕಿದೆ. ಅಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು ಕಾದಿದ್ದವಳು, ಶವರ್ ಬಿಟ್ಟುಕೊಂಡು, ಹೊಗೆಯಾಡುವ ನೀರಿನಲ್ಲಿ ಸಾಕು ಅನ್ನುವಷ್ಟು ಹೊತ್ತು ಸ್ನಾನ ಮಾಡಿದಳು.