ಅಂಗವೈಕಲ್ಯವಿರುವವರನ್ನು ಕೂಟಕ್ಕೆ ಕರೆಯುವಾಗ ಮಾಡಿಕೊಳ್ಳಬೇಕಾದ ಸಿದ್ಧತೆ

ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಅಂದರೆ ಆರು ಮಂದಿಯಲ್ಲಿ ಒಬ್ಬರಿಗೆ, ಗಣನೀಯ ಪ್ರಮಾಣದ ಅಂಗವೈಕಲ್ಯವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದರೆ ಹುಟ್ಟುಹಬ್ಬ, ಗೆಳೆಯರ ಭೇಟಿ, ಸಂಘದ ಸಭೆ, ಸಂಗೀತದ ಸಂಜೆ ಮುಂತಾದ ಕಡೆ ಅವರು ಅಷ್ಟು ಸಂಖ್ಯೆಯಲ್ಲಿ ಕಾಣಸಿಗುವುದಿಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2006ರ ಡಿಸೆಂಬರ್ 13ರಂದು ಅಂಗೀಕರಿಸಿದ ಅಂಗವೈಕಲ್ಯವಿರುವ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯು ಶಿಕ್ಷಣ ಮತ್ತು ಉದ್ಯೋಗದ ಜೊತೆಗೆ, ತನ್ನ 30ನೇ ವಿಧಿಯಲ್ಲಿ, ಸಾಂಸ್ಕೃತಿಕ ಜೀವನ, ಮನರಂಜನೆ, ವಿರಾಮ ಮತ್ತು ಕ್ರೀಡೆಗಳಲ್ಲಿ ಭಾಗವಹಿಸುವುದನ್ನೂ ಹಕ್ಕೆಂದು ಹೇಳುತ್ತದೆ. ಸಾರ್ವಜನಿಕ ಕಟ್ಟಡಗಳನ್ನು ಕಾನೂನಿನ ಬಲದಿಂದ ಸರಿಪಡಿಸಬಹುದು. ಸ್ನೇಹಿತರು ಸೇರುವ ಕೂಟದಲ್ಲಿ ಮಾತ್ರ ಆ ಹೊಣೆ ಕರೆಯುವವರ ಮೇಲೆಯೇ ಇರುತ್ತದೆ.

ಮೊದಲು ಬಿಡಬೇಕಾದದ್ದು ಒಂದು ಯೋಚನೆಯನ್ನು. “ಅವರಿಗೆ ಬರಲು ಕಷ್ಟವಾಗುತ್ತದೆ, ಸುಮ್ಮನೆ ಕರೆದು ಮುಜುಗರ ಮಾಡುವುದು ಬೇಡ” ಎಂದು ಒಳ್ಳೆಯ ಮನಸ್ಸಿನಿಂದಲೇ ಅನೇಕರು ಕರೆಯದೆ ಉಳಿಯುತ್ತಾರೆ. ಬರುವುದೋ ಬಿಡುವುದೋ ಎಂಬ ತೀರ್ಮಾನ ಆಹ್ವಾನಿತರಿಗೆ ಸೇರಿದ್ದು. ಸ್ಥಳ ಹೇಗಿದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ತಿಳಿಸಿ, ಬದಲಾಯಿಸಲು ಸಾಧ್ಯವಿರುವುದನ್ನು ಬದಲಾಯಿಸುವುದು ಕರೆಯುವವರ ಕೆಲಸ.

ಏನು ಬೇಕೆಂದು ಕೇಳುವುದಕ್ಕೂ ಒಂದು ಕ್ರಮವಿದೆ. ಸ್ಥಳವನ್ನು ಗೊತ್ತುಮಾಡುವ ಮೊದಲೇ ಕೇಳಬೇಕು, ಏಕೆಂದರೆ ಆಮೇಲೆ ಕೇಳಿದರೆ ಉತ್ತರವನ್ನು ಪಾಲಿಸಲು ಅವಕಾಶವೇ ಇರುವುದಿಲ್ಲ. “ನೀವು ನೆಮ್ಮದಿಯಿಂದ ಭಾಗವಹಿಸಲು ಏನಾದರೂ ವ್ಯವಸ್ಥೆ ಮಾಡಬೇಕಿದ್ದರೆ ತಿಳಿಸಿ” ಎಂಬ ಒಂದು ಸಾಲನ್ನು ಎಲ್ಲರಿಗೂ ಹೋಗುವ ಆಹ್ವಾನದಲ್ಲಿಯೇ ಸೇರಿಸಿದರೆ ಯಾರೊಬ್ಬರನ್ನೂ ಬೊಟ್ಟು ಮಾಡಿ ತೋರಿಸಿದಂತಾಗುವುದಿಲ್ಲ. ಜೊತೆಗೆ ದೀರ್ಘಕಾಲದ ನೋವು, ಮೂರ್ಛೆರೋಗ, ಕಡಿಮೆ ಕೇಳಿಸುವಿಕೆ ಮುಂತಾದ ಹೊರಗೆ ಕಾಣದ ತೊಂದರೆ ಇರುವವರೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ. ಕಾಯಿಲೆಯ ಹೆಸರಾಗಲಿ ಅದು ಬಂದ ಬಗೆಯಾಗಲಿ ನಿಮಗೆ ಬೇಕಿಲ್ಲ. ಯಾವ ಅನುಕೂಲ ಬೇಕು ಎಂಬುದಷ್ಟೇ ಸಾಕು.

ಆಹ್ವಾನದ ರೂಪವೂ ಮುಖ್ಯ. ಅಂದವಾದ ಚಿತ್ರವನ್ನು ಮಾತ್ರ ಕಳುಹಿಸಿದರೆ, ಫೋನಿನ ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಬಳಸುವ ಅಂಧ ಸ್ನೇಹಿತರಿಗೆ ಅದರೊಳಗಿನ ಅಕ್ಷರಗಳು ಸರಿಯಾಗಿ ತಲುಪುವ ಭರವಸೆ ಇರುವುದಿಲ್ಲ. ದಿನಾಂಕ, ಸಮಯ, ವಿಳಾಸಗಳನ್ನು ಚಿತ್ರದ ಜೊತೆಗೆ ಯೂನಿಕೋಡ್ ಅಕ್ಷರಗಳಲ್ಲಿ ಟೈಪ್ ಮಾಡಿಯೂ ಕಳುಹಿಸಿರಿ.

ಇನ್ನು ಸ್ಥಳದ ವಿಷಯ. ಇಲ್ಲಿ ಅಂದಾಜಿನ ಮಾತಿಗೆ ಬೆಲೆಯಿಲ್ಲ, ಅಳತೆಪಟ್ಟಿಯನ್ನೇ ಹಿಡಿಯಬೇಕು. “ಮೆಟ್ಟಿಲುಗಳಿಲ್ಲ, ಬಾಗಿಲ ಬಳಿ ಒಂದೇ ಒಂದು ಇದೆ” ಎಂದು ನಾವು ಸಲೀಸಾಗಿ ಹೇಳುವ ಆ ಒಂದು ಮೆಟ್ಟಿಲೇ ವೀಲ್‌ಚೇರ್ ಬಳಸುವವರನ್ನು ಹೊರಗೆ ನಿಲ್ಲಿಸುತ್ತದೆ. ಇಳಿಜಾರಿಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಪ್ರಮಾಣ ಒಂದಕ್ಕೆ ಹನ್ನೆರಡು. ಎಂದರೆ 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಇರುವ ಜಾಗದಲ್ಲಿ ಒಂದು ಗಿಡ್ಡ ಹಲಗೆಯನ್ನು ಕಡಿದಾಗಿ ಒರಗಿಸಿದರೆ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿರುತ್ತದೆ. ಬಾಗಿಲನ್ನು ಅಳೆಯುವಾಗ ಚೌಕಟ್ಟಿನ ಅಗಲವನ್ನಲ್ಲ, ಬಾಗಿಲನ್ನು ಪೂರ್ತಿ ತೆರೆದಾಗ ನಿಜವಾಗಿ ದಾಟಲು ಉಳಿಯುವ ತೆರಪನ್ನು ಅಳೆಯಿರಿ. ಅದು ಕನಿಷ್ಠ 80 ಸೆಂಟಿಮೀಟರ್ ಇರಬೇಕು, 90 ಇದ್ದರೆ ಒಳ್ಳೆಯದು. ವೀಲ್‌ಚೇರ್ ಪೂರ್ತಿಯಾಗಿ ತಿರುಗಲು ಸುಮಾರು 150 ಸೆಂಟಿಮೀಟರ್ ವ್ಯಾಸದ ಖಾಲಿ ಜಾಗ ಬೇಕು. ಹೊಸ್ತಿಲಿನ ಎತ್ತರವನ್ನೂ ಬರೆದಿಟ್ಟುಕೊಂಡು, ಸಾಧ್ಯವಾದರೆ ದಾರಿಯ ಕೆಲವು ಫೋಟೊಗಳೊಂದಿಗೆ ಕಳುಹಿಸಿಕೊಡಿ. ತಮ್ಮ ಕುರ್ಚಿಯ ಅಳತೆ ಅವರಿಗೆ ಗೊತ್ತಿರುತ್ತದೆ. ಉಳಿದ ಲೆಕ್ಕವನ್ನು ಅವರೇ ಹಾಕಿಕೊಳ್ಳುತ್ತಾರೆ.

“ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗುತ್ತೇವೆ” ಎಂಬ ಭರವಸೆಯನ್ನು ಅವರು ಕೇಳದೆ ಕೊಡಬೇಡಿ. ಬ್ಯಾಟರಿಯಿಂದ ಓಡುವ ಎಷ್ಟೋ ವೀಲ್‌ಚೇರ್‌ಗಳು ಕುಳಿತವರ ತೂಕವನ್ನು ಬಿಟ್ಟೇ 100 ಕಿಲೋಗ್ರಾಂ ದಾಟುತ್ತವೆ, ಅಭ್ಯಾಸವಿಲ್ಲದವರು ಎತ್ತಲು ಹೋದರೆ ಇಬ್ಬರಿಗೂ ಪೆಟ್ಟಾಗಬಹುದು. ಅದಕ್ಕಿಂತಲೂ ಹೆಚ್ಚಾಗಿ, ಎಲ್ಲರೂ ನೋಡುತ್ತಿರುವಾಗ ವಯಸ್ಕರೊಬ್ಬರನ್ನು ಸಾಮಾನಿನಂತೆ ಹೊತ್ತು ಒಳಗೆ ತರುವುದು ಅವರ ಘನತೆಗೆ ಕುಂದು ತರುತ್ತದೆ.

ಶೌಚಾಲಯದ ಬಗ್ಗೆ ತುಸು ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಕೂಟಗಳ ಸಿದ್ಧತೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಬಳಸಬಹುದಾದ ಶೌಚಾಲಯವಿಲ್ಲ ಎಂದು ತಿಳಿದ ಕೂಡಲೇ ಅನೇಕರು ಹೊರಡುವುದಕ್ಕೆ ಗಂಟೆಗಳ ಮೊದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ, ಇಲ್ಲವೇ ಎಲ್ಲರೂ ಹರಟುತ್ತಿರುವಾಗಲೇ ಎದ್ದು ಹೊರಡುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಮೂತ್ರನಾಳದ ಸೋಂಕು ಸಾಮಾನ್ಯವಾಗಿರುವುದರಿಂದ ಇದು ಕೇವಲ ಇರುಸುಮುರುಸಿನ ಮಾತಲ್ಲ, ಆರೋಗ್ಯದ ಮಾತು. ಬಾಗಿಲು ಹೊರಗಡೆಗೆ ತೆರೆದುಕೊಳ್ಳುತ್ತದೆಯೇ, ಕುಳಿತುಕೊಳ್ಳುವ ಕಮೋಡ್ ಇದೆಯೇ, ಅದರ ಪಕ್ಕಕ್ಕೆ ಕುರ್ಚಿಯನ್ನು ತರಲು ಜಾಗವಿದೆಯೇ, ಗೋಡೆಯಲ್ಲಿ ಗಟ್ಟಿಯಾದ ಹಿಡಿಕಂಬಿ ಇದೆಯೇ, ನೆಲ ಒಣಗಿದೆಯೇ ಎಂಬುದನ್ನು ನೀವೇ ಒಳಗೆ ಹೋಗಿ ನೋಡಬೇಕು. ಸಭಾಂಗಣದವರು ಫೋನಿನಲ್ಲಿ “ಎಲ್ಲಾ ಇದೆ” ಎಂದು ಹೇಳಿದ್ದನ್ನು ನಂಬಿ ಕೂರಬಾರದು. ಅಂಗವಿಕಲರಿಗೆಂದು ಕಟ್ಟಿದ ಶೌಚಾಲಯವನ್ನು ಸಾಮಾನು ತುಂಬುವ ಕೋಣೆಯಾಗಿ ಮಾಡಿ ಬೀಗ ಹಾಕಿರುವುದೂ ಉಂಟು.

ಕಿವಿ ಕೇಳದವರು ಬರುತ್ತಾರೆಂದಾದರೆ ಬೆಳಕು ಮತ್ತು ಸದ್ದುಗಳ ಕಡೆ ಗಮನ ಕೊಡಿ. ಮಾತನಾಡುವವರ ಬೆನ್ನಹಿಂದೆ ಕಿಟಕಿಯ ಬೆಳಕಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿಗಳ ಚಲನೆ ತಿಳಿಯುವುದಿಲ್ಲ. ಬೆಳಕು ಸರಿಯಾಗಿದ್ದರೂ ತುಟಿ ನೋಡಿ ಎಲ್ಲವನ್ನೂ ಗ್ರಹಿಸಲಾಗದು: ಪ, ಬ, ಮ ಈ ಮೂರೂ ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. ಶ್ರವಣ ಸಾಧನ ಹಾಕಿಕೊಂಡವರಿಗೆ ಎದುರಿನ ಮಾತಿನ ಜೊತೆ ಹಿನ್ನೆಲೆಯ ಸಂಗೀತ, ಪಾತ್ರೆಗಳ ಸದ್ದು ಎಲ್ಲವೂ ದೊಡ್ಡದಾಗಿ ಕೇಳುವುದರಿಂದ ಸಂಗೀತವನ್ನು ನಿಲ್ಲಿಸುವುದು ಉತ್ತಮ. ಕಿರುಚಿ ಮಾತನಾಡಬೇಡಿ, ಸಹಜವಾಗಿ, ಒಬ್ಬರಾದ ಮೇಲೆ ಒಬ್ಬರು ಮಾತನಾಡಿ. ಸಂಜ್ಞಾ ಭಾಷೆಯ ದುಭಾಷಿಯನ್ನು ಕರೆಸುವುದಾದರೆ, ಕಾರ್ಯಕ್ರಮ ದೀರ್ಘವಾಗಿದ್ದಲ್ಲಿ ಇಬ್ಬರು ಬೇಕಾಗುತ್ತದೆ. ಒಬ್ಬರೇ ಮಾಡಿದರೆ ದಣಿವಿನಿಂದ ಅನುವಾದ ತಪ್ಪುತ್ತದೆ. ಸಂಜ್ಞಾ ಭಾಷೆ ಜಗತ್ತಿನಾದ್ಯಂತ ಒಂದೇ ಅಲ್ಲವಾದ್ದರಿಂದ, ಯಾವ ಸಂಜ್ಞಾ ಭಾಷೆ ಎಂದು ಕೇಳಿಕೊಳ್ಳಿ. ಎಲ್ಲರೂ ನಗುತ್ತಿರುವಾಗ ಅವರು ಏನೆಂದು ವಿಚಾರಿಸಿದರೆ “ಏನಿಲ್ಲ ಬಿಡಿ, ಆಮೇಲೆ ಹೇಳುತ್ತೇನೆ” ಎನ್ನುವುದು ಅತ್ಯಂತ ನೋಯಿಸುವ ಉತ್ತರ. ಆ ಕ್ಷಣದಲ್ಲಿಯೇ ಹೇಳಿ, ಬೇಕಾದರೆ ಫೋನಿನಲ್ಲಿ ಬರೆದು ತೋರಿಸಿ.

ದೃಷ್ಟಿಯಿಲ್ಲದವರು ಬಂದಾಗ ಮೊದಲು ನಿಮ್ಮ ಹೆಸರನ್ನು ಹೇಳಿ; “ನಾನು ಯಾರು ಹೇಳಿ ನೋಡೋಣ” ಎಂಬ ಪರೀಕ್ಷೆ ಬೇಡ. ಕೈಹಿಡಿದು ಎಳೆಯುವುದರ ಬದಲು ಸಹಾಯ ಬೇಕೇ ಎಂದು ಕೇಳಿ, ಬೇಕೆಂದರೆ ಅವರೇ ನಿಮ್ಮ ಮೊಣಕೈಯ ಮೇಲ್ಭಾಗವನ್ನು ಹಿಡಿದುಕೊಳ್ಳಲು ಬಿಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಯಾರು ಯಾರು ಬಂದಿದ್ದಾರೆ, ಎಲ್ಲಿ ಕುಳಿತಿದ್ದಾರೆ ಎಂದು ವಿವರಿಸಿ. ಪಕ್ಕದಿಂದ ಎದ್ದು ಹೋಗುವಾಗ ತಿಳಿಸಿ ಹೋಗಿ, ಇಲ್ಲವಾದರೆ ಅವರು ಖಾಲಿ ಕುರ್ಚಿಯೊಂದಿಗೆ ಮಾತನಾಡುತ್ತಾ ಉಳಿಯುತ್ತಾರೆ. ಬಾಗಿಲುಗಳು ಪೂರ್ತಿ ತೆರೆದಿರಲಿ ಅಥವಾ ಪೂರ್ತಿ ಮುಚ್ಚಿರಲಿ. ಅರ್ಧ ತೆರೆದ ಬಾಗಿಲಿನ ಅಂಚು ಬಿಳಿ ಕೋಲಿಗೆ ಸಿಗದೆ ನೇರವಾಗಿ ಹಣೆಗೆ ಬಡಿಯಬಹುದು.

ಆಟಿಸಂ ಇರುವವರಿಗೂ ಜನಜಂಗುಳಿಯಲ್ಲಿ ಬೇಗ ದಣಿಯುವವರಿಗೂ ಒಂದು ಶಾಂತವಾದ ಕೋಣೆಯನ್ನು ತೆರೆದಿಡಿ, ಕಾರ್ಯಕ್ರಮ ಯಾವಾಗ ಮುಗಿಯುತ್ತದೆ ಎಂದು ಮೊದಲೇ ತಿಳಿಸಿ, ಬೇಗ ಹೊರಟವರನ್ನು ಒತ್ತಾಯಿಸಿ ಕೂರಿಸಬೇಡಿ. ಮಿಣುಕುವ ದೀಪಗಳು ಕೆಲವರಲ್ಲಿ ಮೂರ್ಛೆಯನ್ನು ಉಂಟುಮಾಡಬಲ್ಲವಾದ್ದರಿಂದ ಅವನ್ನು ಕೈಬಿಡಿ. ಮಾತು ತೊದಲುವವರ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ. ಮಾತು ಸ್ಪಷ್ಟವಾಗದಿದ್ದರೆ ಅರ್ಥವಾದಂತೆ ತಲೆಯಾಡಿಸದೆ, ನಿಮಗೆ ತಿಳಿದಷ್ಟನ್ನು ಹೇಳಿ, ಉಳಿದದ್ದನ್ನು ಮತ್ತೊಮ್ಮೆ ಹೇಳುವಂತೆ ಕೇಳಿ.

ಇಷ್ಟೆಲ್ಲ ವ್ಯವಸ್ಥೆಯಾದ ಮೇಲೂ ಒಬ್ಬರು ಮೂಲೆಯಲ್ಲಿ ಸುಮ್ಮನೆ ಕುಳಿತೇ ಸಂಜೆ ಕಳೆಯುವುದು ಸಾಧ್ಯ. ಅವರಿಗೆ ಏನು ಬೇಕೆಂದು ಜೊತೆಗೆ ಬಂದವರನ್ನು ವಿಚಾರಿಸುವುದು, ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರೊಡನೆ ಮಗುವಿನ ದನಿಯಲ್ಲಿ ಮಾತನಾಡುವುದು, ಕೂಟಕ್ಕೆ ಬಂದದ್ದನ್ನೇ ಸಾಹಸವೆಂಬಂತೆ ಹೊಗಳುವುದು, ಇವೆಲ್ಲ ಮನುಷ್ಯರನ್ನು ದೂರವಿಡುತ್ತವೆ. ಕೆಲಸ, ರಾಜಕೀಯ, ಆಟ, ಜಗಳ, ಪ್ರೀತಿ, ಹೀಗೆ ಬೇರೆಯವರೊಂದಿಗೆ ಏನನ್ನು ಮಾತನಾಡುತ್ತೀರೋ ಅದನ್ನೇ ಅವರೊಂದಿಗೂ ಮಾತನಾಡಿ. ಒಂದು ಕೆಲಸವನ್ನು ಅವರಿಗೂ ವಹಿಸಿ: ನಿರೂಪಣೆಯಾಗಲಿ, ಹಾಡುಗಳ ಆಯ್ಕೆಯಾಗಲಿ, ಖರ್ಚಿನ ಲೆಕ್ಕವಾಗಲಿ.

ಎಷ್ಟು ಪ್ರಯತ್ನಿಸಿದರೂ ಒಂದು ಸ್ಥಳ ಹೊಂದಿಕೆಯಾಗದಿದ್ದರೆ, ಅದನ್ನು ಮುಚ್ಚಿಡದೆ ಹೇಳಿ, ಸ್ಥಳವನ್ನೇ ಬದಲಿಸಲು ನೋಡಿ. ವೀಡಿಯೊ ಕರೆಯ ಮೂಲಕ ಸೇರಿಸಿಕೊಳ್ಳುವುದು ಅವರು ಇಷ್ಟಪಟ್ಟರೆ ಮಾತ್ರ ಸರಿ, ನಮ್ಮ ಸೋಮಾರಿತನಕ್ಕೆ ಅದು ನೆಪವಾಗಬಾರದು. ಕೂಟ ಮುಗಿದು ಒಂದೆರಡು ದಿನಗಳಾದ ಮೇಲೆ ಎಲ್ಲಿ ತೊಡಕಾಯಿತು ಎಂದು ವಿಚಾರಿಸಿ, ಉತ್ತರವನ್ನು ಅಳತೆಗಳ ಜೊತೆಯಲ್ಲಿಯೇ ಬರೆದಿಡಿ. ಹಾಗೆ ಮಾಡಿದರೆ ಮುಂದಿನ ಕೂಟವನ್ನು ಬೇರೆಯವರು ಏರ್ಪಡಿಸಿದರೂ, ಅದೇ ವ್ಯಕ್ತಿ ತನ್ನ ಅಗತ್ಯಗಳನ್ನು ಮೊದಲಿನಿಂದ ಮತ್ತೆ ವಿವರಿಸಬೇಕಾಗುವುದಿಲ್ಲ.