ಲಾರಿ ಮೇಲೆ ಬಂದ ಹಳೇ ಕಾರಿಗೆ ಪೆಟ್ಟಾಗಿದ್ದರೆ

ಪದ್ಮಿನಿ, ಅಂಬಾಸಿಡರ್, ವಿಲ್ಲಿಸ್ ಜೀಪುಗಳನ್ನು ಲಾರಿ ಮೇಲೆ ಕಳಿಸುವವರು ಬಾಡಿಗೆ ಚೌಕಾಸಿಯಲ್ಲೇ ಸುಸ್ತಾಗಿ ಎಲ್‌ಆರ್ (ಸಾಗಣೆದಾರ ಕೊಡುವ ಲಾರಿ ರಸೀದಿ) ಓದುವುದನ್ನು ಬಿಟ್ಟುಬಿಡುತ್ತಾರೆ. ಪೆಟ್ಟು ಬಿದ್ದ ಮೇಲೆ ಮೊದಲು ಹುಡುಕುವುದು ಅದನ್ನೇ.

ರಸ್ತೆ ಸರಕು ಸಾಗಣೆಗೆ 2007ರ ಕಾಯ್ದೆ ಇದೆ, 2011ರ ನಿಯಮಗಳಿವೆ. ಇವುಗಳ ಪ್ರಕಾರ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿಗೆ ನಿಲ್ಲುತ್ತದೆ. ಬಾಡಿಗೆ 20,000 ರೂಪಾಯಿ ಅಂದುಕೊಳ್ಳಿ, ಹೊಣೆ 2 ಲಕ್ಷ. ಗಾಡಿಗೆ ನೀವು 6 ಲಕ್ಷ ಸುರಿದಿದ್ದರೂ ಅಷ್ಟೇ. ಬೆಲೆ ಘೋಷಿಸಿ, ಹೆಚ್ಚಿನ ಅಪಾಯದ ದರ ಕಟ್ಟಿ, ಅದನ್ನು ಕಾಗದದ ಮೇಲೆ ಬರೆಸಿದರೆ ಮಾತ್ರ ಈ ಮಿತಿ ದಾಟುತ್ತದೆ. ಬಿಲ್ಲಿನಲ್ಲಿ 'ಎಫ್‌ಒವಿ' (ಸರಕಿನ ಬೆಲೆಯ ಮೇಲೆ ಹಾಕುವ ಶುಲ್ಕ) ಎಂದು ದುಡ್ಡು ಹಿಡಿದು 'ಇನ್ಶೂರೆನ್ಸ್ ಐತ್ರಿ' ಅಂದರೆ ನಂಬಬೇಡಿ. ನಿಮ್ಮ ಹೆಸರು, ಗಾಡಿ ನಂಬರು, ಒಪ್ಪಿದ ಬೆಲೆ ಇರುವ ಟ್ರಾನ್ಸಿಟ್ ಪಾಲಿಸಿಯ (ಸಾಗಣೆ ವಿಮೆಯ) ಪ್ರತಿ ಕೈಗೆ ಬರಬೇಕು. ಮಾಮೂಲಿ ಮೋಟಾರ್ ಪಾಲಿಸಿಯಲ್ಲಿ 10 ವರ್ಷ ದಾಟಿದ ಗಾಡಿಯ ಲೋಹದ ಭಾಗ ಬದಲಿಸಿದರೆ ಸವಕಳಿ ಅಂತ 50% ಕಡಿತವಾಗುತ್ತದೆ. ರಬ್ಬರ್, ಪ್ಲಾಸ್ಟಿಕ್‌ಗೂ ಅಷ್ಟೇ.

ಹತ್ತಿಸುವ ಮೊದಲು ಗಾಡಿ ತೊಳೆದು ಒಣಗಿಸಿ, ಬಿಸಿಲಿನಲ್ಲಿ ಸುತ್ತಲೂ ಫೋಟೊ ತೆಗೆಯಿರಿ. ಬಂಪರ್ ಮತ್ತು ಬಾಡಿ ನಡುವಿನ ಸಂದು, ಕೆಳಗಿನ ಸಂಪ್ (ಎಂಜಿನ್ ಆಯಿಲ್ ನಿಲ್ಲುವ ತಟ್ಟೆ), ಸೈಲೆನ್ಸರ್, ಗಾಲಿ ತಿರುಗಿಸುವ ಟೈ ರಾಡ್, ಮೀಟರ್ ಓದು, ಸ್ಟೆಪ್ನಿ, ಜಾಕ್, ವೀಲ್ ಕ್ಯಾಪ್ ಎಲ್ಲ ಬರಲಿ. ಮೀಟರ್ ಕೇಬಲ್ ತುಂಡಾಗಿದ್ದರೆ ಮೊದಲು ಹಾಕಿಸಿ, ಗೋದಾಮಿನಿಂದ ಗೋದಾಮಿಗೆ ಗಾಡಿಯನ್ನು ಓಡಿಸಿದ್ದು ತಿಳಿಯುವುದು ಅದರಿಂದಲೇ. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಹೆಚ್ಚು ಬೇಡ.

ಹಳೇ ಗಾಡಿಗೆ ಹೆಚ್ಚು ಪೆಟ್ಟು ಬೀಳುವುದು ಕಟ್ಟುವಲ್ಲಿ ಮತ್ತು ಸ್ಟಾರ್ಟ್ ಮಾಡುವಲ್ಲಿ. ಹಗ್ಗ, ಕೊಕ್ಕೆಗಳನ್ನು ಬಂಪರಿಗೋ ಟೈ ರಾಡಿಗೋ ಸಿಕ್ಕಿಸಿದರೆ ಕ್ರೋಮ್ ಹೋಗುತ್ತದೆ, ರಾಡ್ ಬಾಗುತ್ತದೆ. ನಾಲ್ಕೂ ಗಾಲಿಗಳ ಮೇಲೆ ಪಟ್ಟಿ ಬಿಗಿದು, ಗಾಲಿ ಹಿಂದೆ ಮುಂದೆ ಮರದ ಗುಟ್ಟೆ ಇಡಿಸಿ. ಬ್ಯಾಟರಿ ಇಳಿದರೆ ಹುಡುಗರು ಲಾರಿ ಬ್ಯಾಟರಿಯಿಂದ ವೈರ್ ಕೊಡುತ್ತಾರೆ. ಲಾರಿಯದು ಸಾಮಾನ್ಯವಾಗಿ 24 ವೋಲ್ಟ್, ನಿಮ್ಮದು 12, ಯುದ್ಧಕಾಲದ ಜೀಪಾದರೆ 6. ಹಳೇ ಲೂಕಾಸ್ ವೈರಿಂಗ್ ಇರುವ ಕೆಲವು ಗಾಡಿಗಳಲ್ಲಿ ಲೋಹದ ಮೈಗೆ ಬ್ಯಾಟರಿಯ ಪಾಸಿಟಿವ್ ಕೊಟ್ಟಿರುತ್ತದೆ. ವೋಲ್ಟೇಜು, ಚೋಕ್, ಸ್ಟೀರಿಂಗ್ ಗೇರಿನ ಕ್ರಮ ಇವಿಷ್ಟನ್ನು ಹಿಂದಿಯಲ್ಲೂ ಬರೆದು ಗಾಜಿಗೆ ಅಂಟಿಸಿ. ಎರಡು ಅಂತಸ್ತಿನ ಕಂಟೇನರ್ ಆದರೆ ಮೇಲಿನ ಜಾಗ ಕೇಳಿ. ಮೇಲಿನ ಗಾಡಿಯಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕಿದರೆ ಕೆಳಗಿನ ಗಾಡಿಯ ಪೇಂಟ್ ಎದ್ದುಬರುತ್ತದೆ.

ಇಳಿಸುವ ಜಾಗ ಹುಬ್ಬಳ್ಳಿಯ ಗಬ್ಬೂರು ಬೈಪಾಸೋ ತಾರಿಹಾಳವೋ, ಎಲ್ಲೇ ಆಗಲಿ, ಹಗಲಾಗಿರಲಿ. ಊರೊಳಗೆ ದೊಡ್ಡ ಕಂಟೇನರ್ ಬರುವುದಿಲ್ಲ. ರಾತ್ರಿ ಬಂದರೆ ಬೆಳಗಿನವರೆಗೆ ಕಾಯಿಸಿ, ಬೇಕಾದರೆ ಒಂದು ರಾತ್ರಿಯ ನಿಲುಗಡೆ ದುಡ್ಡು ಹೋಗಲಿ. ಮಳೆಗಾಲದಲ್ಲಿ ಕೆಸರು ಮೆತ್ತಿದ ಗಾಡಿಗೆ ನೀರು ಹಾಯಿಸದೆ ಒಪ್ಪಬೇಡಿ. ಬಂಪರ್ ಸಂದು ಎರಡೂ ಬದಿ ಸಮ ಇದೆಯೇ, ಕ್ಲಚ್ ಸುಟ್ಟ ವಾಸನೆ ಇದೆಯೇ ನೋಡಿ, ನಿಧಾನಕ್ಕೆ ಓಡಿಸಿ ಸ್ಟೀರಿಂಗ್ ಕಡ್ಡಿ ನೇರ ನಿಲ್ಲುತ್ತದೆಯೇ ಪರೀಕ್ಷಿಸಿ.

'ಸಣ್ಣ ಗೀಚು ಐತ್ರಿ, ಪಾಲಿಶ್ ಹೊಡದ್ರ ಹೊಕ್ಕೈತಿ' ಎಂಬ ಮಾತಿಗೆ ಕರಗಬೇಡಿ. ಡೆಲಿವರಿ ಚೀಟಿಯ ಮೇಲೆ ಸಹಿಗಿಂತ ಮೊದಲು ಬರೆಯಿರಿ: 'ಎಡ ಮುಂದಿನ ಮಡ್‌ಗಾರ್ಡ್ 15 ಸೆಂ.ಮೀ. ತಗ್ಗು, ಹಿಂದಿನ ಬಂಪರ್ ಬಾಗಿದೆ, ಸ್ಟೆಪ್ನಿ ಇಲ್ಲ.' 'ಡ್ಯಾಮೇಜ್ ಇದೆ' ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಚಾಲಕ ಬರೆಯಲು ಬಿಡದಿದ್ದರೆ ಚೀಟಿಯ ಫೋಟೊ, ಲಾರಿ ನಂಬರು, ಪೆಟ್ಟಿನ ವಿಡಿಯೊ ಸೇರಿಸಿ ಅಲ್ಲಿಂದಲೇ ಕಂಪನಿಯ ಇಮೇಲ್‌ಗೂ ವಾಟ್ಸ್ಆಪ್‌ಗೂ ಕಳಿಸಿ. ಬುಕಿಂಗ್‌ನಲ್ಲಿ ಇಲ್ಲದ ದುಡ್ಡು ಕೊಟ್ಟರೇ ಇಳಿಸುತ್ತೇವೆ ಎಂದರೂ ಇದೇ ದಾರಿ. ಕೊಡಲೇಬೇಕಾಗಿ ಬಂದರೆ ಯುಪಿಐನಲ್ಲಿ ಕೊಟ್ಟು, 'ಆಕ್ಷೇಪಣೆಯೊಂದಿಗೆ ಪಾವತಿ' ಎಂದು ಅದೇ ಹೊತ್ತಿಗೆ ಮೆಸೇಜ್ ಹಾಕಿ.

ವಿಮೆಯವರಿಗೆ ಅಂದೇ ತಿಳಿಸಿ. ಸರ್ವೇಯರ್ ನೋಡುವ ತನಕ ಡೆಂಟಿಂಗ್ ಅಂಗಡಿಗೆ ಬಿಡಬೇಡಿ. ಎರಡು ಗ್ಯಾರೇಜಿನಿಂದ ಬರೆದ ಅಂದಾಜು ತೆಗೆದುಕೊಳ್ಳಿ, ಕೂಲಿ, ಬಿಡಿಭಾಗ, ಪೇಂಟ್, ಕ್ರೋಮ್ ಪ್ರತ್ಯೇಕವಾಗಿರಲಿ.

ಸಾಗಣೆದಾರನಿಗೆ ಲಿಖಿತ ನೋಟಿಸ್ ಕಳಿಸಲು 2007ರ ಕಾಯ್ದೆಯ 16ನೇ ಕಲಂ ಕೊಡುವುದು 180 ದಿನ. ಲೆಕ್ಕ ಶುರುವಾಗುವುದು ಗಾಡಿ ಕೈಸೇರಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ. ನೋಟಿಸ್ ಬುಕ್ ಮಾಡಿದವರ ಹೆಸರಿನಲ್ಲೇ ಹೋಗಲಿ. 'ನೋಡ್ತೀವ್ರಿ, ಹೆಡ್ ಆಫೀಸಿಗೆ ಕಳಿಸೇವಿ' ಎನ್ನುತ್ತಲೇ ಈ ಅವಧಿ ಕಳೆಸುವವರಿದ್ದಾರೆ. ಮೊದಲ ವಾರದಲ್ಲೇ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆ ಇಟ್ಟುಕೊಳ್ಳಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರು, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಎಲ್‌ಆರ್ ಹಿಂದೆ 'ದಿಲ್ಲಿ ನ್ಯಾಯವ್ಯಾಪ್ತಿ' ಎಂದು ಅಚ್ಚಾಗಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಡುವು 2 ವರ್ಷ. ಶುಲ್ಕದ ಲೆಕ್ಕ ನೀವು ಕೊಟ್ಟ ಬಾಡಿಗೆಯ ಮೇಲೆ. 5 ಲಕ್ಷದವರೆಗೆ ಶುಲ್ಕವಿಲ್ಲ. ಬಿಚ್ಚಿದ ಬಂಪರ್, ಒಡೆದ ದೀಪಗಳನ್ನು ಪ್ರಕರಣ ಮುಗಿಯುವ ತನಕ ಗುಜರಿಗೆ ಹಾಕಬೇಡಿ.